ಕೆಡಂಪ್, ನೆಟ್‌ಕನ್ಸೋಲ್, ಪಿಸ್ಟೋರ್: ಮೂರನ್ನೂ ಒಂದೇ ಮಷೀನ್ ಮೇಲೆ ಹಾಕಿ ನೋಡಿದೆ

ಮನೇಲಿರೋ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಡೆಸ್ಕ್‌ಟಾಪ್ ಎರಡು ತಿಂಗಳು ನನ್ನ ಜೀವ ತಿಂತು. ಇದ್ದಕ್ಕಿದ್ದಂಗೆ ಸ್ಕ್ರೀನ್ ನಿಂತೋಗೋದು, ಮೌಸ್ ಅಲ್ಲಾಡಲ್ಲ, ಕ್ಯಾಪ್ಸ್ ಲಾಕ್ ಒತ್ತಿದ್ರೂ ಲೈಟ್ ಹತ್ತಲ್ಲ, ಪವರ್ ಬಟನ್ ಅದುಮಿ ಹಿಡ್ಕೊಳ್ಳೋದೊಂದೇ ದಾರಿ. ಮತ್ತೆ ಆನ್ ಮಾಡಿ ಜರ್ನಲ್‌ನಲ್ಲಿ, ಅಂದ್ರೆ ಸಿಸ್ಟಮ್ ಬರೆದಿಡೋ ಡೈರೀಲಿ, ಹಿಂದಿನ ಬೂಟ್ ಲಾಗ್ ತೆಗೆದ್ರೆ ಕೊನೇಲಿ ಟೈಮಿಗೆ ಸರಿಯಾಗಿ ತಾನೇ ಓಡೋ ಯಾವುದೋ ಕ್ರಾನ್ ಕೆಲಸದ ಲೈನು, ಆಮೇಲೆ ಖಾಲಿ. ಎಲ್ಲಾನೂ ನಡೆಸೋ ಕರ್ನೆಲ್ಲೇ ಸತ್ತ ಮೇಲೆ ಡಿಸ್ಕ್‌ಗೆ ಬರೆಯೋರು ಯಾರು ಹೇಳಿ. ಅದು ಸಾಯೋವಾಗ ಆಡೋ ಕೊನೇ ಮಾತು ಹಿಡಿಯೋಕೆ ಲಿನಕ್ಸ್‌ನಲ್ಲಿರೋ ದಾರಿಗಳೇ ಹೆಡ್ಡಿಂಗ್‌ನಲ್ಲಿರೋ ಆ ಮೂರು.

ಮೊದಲು ಹಿಡಿದಿದ್ದು ನೆಟ್‌ಕನ್ಸೋಲ್, ಯಾಕಂದ್ರೆ ಸುಲಭ ಅನ್ನಿಸ್ತು. ಕರ್ನೆಲ್ ಮೆಸೇಜ್‌ಗಳನ್ನ ಯುಡಿಪಿ (ತಲುಪ್ತಾ ಅಂತ ಕಾಯದೆ ಕಳಿಸೋ) ಪ್ಯಾಕೆಟ್ ಮಾಡಿ ಪಕ್ಕದ ಮಷೀನ್‌ಗೆ ಎಸೀತಾ ಇರುತ್ತೆ, ಆ ಕಡೆ ಲ್ಯಾಪ್‌ಟಾಪ್‌ನಲ್ಲಿ ನೆಟ್‌ಕ್ಯಾಟ್ ಅನ್ನೋ ಪುಟ್ಟ ಪ್ರೋಗ್ರಾಮ್ 6666 ಪೋರ್ಟ್‌ಗೆ ಕಿವಿಗೊಟ್ಟು ಕೂತಿದ್ರೆ ಸಾಕು. ಆದ್ರೆ ವೈಫೈ ಮೇಲೆ ನಡೆಯಲ್ಲ, ಈಥರ್ನೆಟ್ಟೇ ಬೇಕು. ರೂಟರ್ ಇರೋದು ಹಾಲ್‌ನಲ್ಲಿ, ಡೆಸ್ಕ್‌ಟಾಪ್ ಇರೋದು ಹಿಂದಿನ ರೂಮಲ್ಲಿ, ಹಂಗಾಗಿ 15 ಮೀಟರ್ ಕೇಬಲ್ ತಂದು ಹಾಲ್ ಪೂರ್ತಿ ಹಾಸಿದೆ, ಅಮ್ಮ ಎರಡು ಸಲ ಎಡವಿ ಬೈದ್ರು. ಕೇಬಲ್ ಹೆಂಗೂ ಇದ್ಯಲ್ಲ ಅಂತ ಯುಎಸ್‌ಬಿ ವೈಫೈ ಡಾಂಗಲ್ ಕಿತ್ತು ಟೇಬಲ್ ಮೇಲಿಟ್ಟೆ. ನಾಲ್ಕು ದಿನ ಒಂದೇ ಒಂದು ಕ್ರ್ಯಾಶ್ ಇಲ್ಲ! ಕರ್ನೆಲ್ ಅಪ್‌ಡೇಟ್‌ನಲ್ಲಿ ಸರಿಹೋಗಿರ್ಬೇಕು ಅಂದ್ಕೊಂಡು ಎಲ್ಲ ಸುತ್ತಿಟ್ಟು ಡಾಂಗಲ್ ವಾಪಸ್ ಚುಚ್ಚಿದೆ, ಅವತ್ತು ರಾತ್ರೀನೇ ಮತ್ತೆ ಫ್ರೀಜ್. ಅಷ್ಟೊತ್ತಿಗೇ ಬುದ್ಧಿ ಬರ್ಬೇಕಿತ್ತು, ಬರ್ಲಿಲ್ಲ.

ಎರಡನೇ ಸಲ ಕೇಬಲ್ಲೂ ಡಾಂಗಲ್ಲೂ ಎರಡೂ ಹಾಕಿ ಬಿಟ್ಟೆ. ಈ ಸಲ ಸಿಕ್ತು, ಆದ್ರೆ ಅರ್ಧ. ನಲ್ ಪಾಯಿಂಟರ್ (ಇಲ್ಲದ ಮೆಮೊರಿ ವಿಳಾಸ ಮುಟ್ಟಿದ ತಪ್ಪು) ಅಂತ ಒಂದು ಲೈನು, ಸಿಪಿಯು ರಿಜಿಸ್ಟರ್‌ಗಳು ಒಂದಿಷ್ಟು, ಯಾವ ಫಂಕ್ಷನ್ ಯಾವುದನ್ನ ಕರೀತು ಅಂತ ಹೇಳೋ ಕಾಲ್ ಟ್ರೇಸ್ ಶುರುವಾಗ್ತಿದ್ದಂಗೆ ಕಟ್. ಒಂದು ಒಳ್ಳೇ ಗುಣ ಹೇಳ್ಬೇಕು, ಕನ್ಸೋಲ್ ಲಾಗ್ ಲೆವೆಲ್ 8ಕ್ಕೆ ಏರಿಸಿದ್ರೆ, ಅಂದ್ರೆ ಸಣ್ಣಪುಟ್ಟ ಮೆಸೇಜೂ ಬಿಡದೆ ತೋರಿಸು ಅಂದ್ರೆ, ಕ್ರ್ಯಾಶ್‌ಗೆ ಮುಂಚೆ ಡ್ರೈವರ್ ಗೊಣಗೋದೂ ಲೈವ್ ಆಗಿ ಕಾಣುತ್ತೆ. ಪ್ಯಾನಿಕ್ಕೇ (ಕರ್ನೆಲ್ ತಾನೇ ಸೋತೆ ಅಂತ ಕೈಚೆಲ್ಲೋದು) ಆಗದೆ ಸುಮ್ನೆ ನೇತಾಡಿಕೊಂಡು ಸಾಯೋ ಮಷೀನ್ ಆದ್ರೆ ಇದೊಂದೇ ಏನಾದ್ರೂ ಕೊಡೋದು.

ಪಿಸ್ಟೋರ್ ಬಗ್ಗೆ ನನಗೆ ನಂಬಿಕೆನೇ ಇರ್ಲಿಲ್ಲ. ಸಾಯೋ ಕ್ಷಣದಲ್ಲಿ ಕರ್ನೆಲ್ಲು ಲಾಗ್‌ನ ಬಾಲನ ಯುಇಎಫ್‌ಐ (ಮಷೀನ್ ಬೂಟ್ ಮಾಡಿಸೋ ಫರ್ಮ್‌ವೇರ್) ವೇರಿಯಬಲ್‌ಗಳಲ್ಲಿ ತುರುಕುತ್ತೆ, ಅದಿರೋದು ಮದರ್‌ಬೋರ್ಡ್ ಚಿಪ್‌ನಲ್ಲಿ, ಹಂಗಾಗಿ ಪವರ್ ತೆಗೆದ್ರೂ ಉಳಿಯುತ್ತೆ. ಡೀಫಾಲ್ಟ್ ಸುಮಾರು 10 ಕೆಬಿ ಅಷ್ಟೇ. ಕೆಲವು ಡಿಸ್ಟ್ರೋಗಳಲ್ಲಿ (ಲಿನಕ್ಸ್ ಬಗೆಗಳಲ್ಲಿ) ಇದು ಆಫ್ ಆಗಿ ಬರುತ್ತೆ, ಚೆಕ್ ಮಾಡ್ಕೊಳ್ಳಿ. ಕ್ರ್ಯಾಶ್ ಆದ್ಮೇಲೆ ಸಿಸ್ ಒಳಗಿನ ಪಿಸ್ಟೋರ್ ಫೋಲ್ಡರ್ ನೋಡಿದ್ರೆ ಖಾಲಿ, ಬೈಕೊಂಡು ಎದ್ದೋದೆ. ಆಮೇಲೆ ಗೊತ್ತಾಗಿದ್ದು, ಬೂಟ್ ಆಗ್ತಿದ್ದಂಗೆ ಸರ್ವಿಸ್‌ಗಳನ್ನ ನಡೆಸೋ ಸಿಸ್ಟಮ್‌ಡಿಯ ಪಿಸ್ಟೋರ್ ಸರ್ವಿಸ್ ಅದನ್ನೆಲ್ಲ ಬಾಚಿ ವಾರ್ ಡೈರೆಕ್ಟರಿ ಕೆಳಗೆ ತನ್ನ ಫೋಲ್ಡರ್‌ಗೆ ಹಾಕ್ಕೊಳ್ಳುತ್ತೆ, ಚಿಪ್ ಕೂಡ ಕ್ಲೀನ್ ಮಾಡುತ್ತೆ. ಅಲ್ಲಿತ್ತು ನೋಡಿ, ಕಾಲ್ ಟ್ರೇಸ್ ಪೂರ್ತಿ, ಕೊನೇಲಿ 'ಫೇಟಲ್ ಎಕ್ಸೆಪ್ಷನ್ ಇನ್ ಇಂಟರಪ್ಟ್' (ಹಾರ್ಡ್‌ವೇರ್ ಕರೆಗೆ ಓಗೊಡುವಾಗಲೇ ಎಡವಟ್ಟು), ಮೇಲೆ ಟೇಂಟೆಡ್, ಅಂದ್ರೆ ಕರ್ನೆಲ್‌ಗೆ ಮೈಲಿಗೆ ಆಗಿದೆ, ಅಂತ ಬರೆದು ಪಕ್ಕದಲ್ಲಿ ಓ, ಇ ಅನ್ನೋ ಎರಡಕ್ಷರ. ಓ ಅಂದ್ರೆ ಕರ್ನೆಲ್‌ನ ಸ್ವಂತ ಕೋಡ್ ಅಲ್ಲದ ಹೊರಗಿನ ಮಾಡ್ಯೂಲ್ ಲೋಡ್ ಆಗಿದೆ, ಇ ಅಂದ್ರೆ ಡಿಜಿಟಲ್ ಸಹಿ ಇಲ್ಲದ್ದು. ನನ್ ಮಷೀನಲ್ಲಿ ಹಂಗಿರೋದು ಒಂದೇ, ಆ ಡಾಂಗಲ್ ಡ್ರೈವರ್ರು. ಟ್ರೇಸ್ ತುಂಬಾ ಅದರ ಫಂಕ್ಷನ್‌ಗಳೇ.

ಕಳ್ಳ ಸಿಕ್ಕ, ಆದ್ರೆ ಯಾಕೆ ಮಾಡ್ದ ಗೊತ್ತಾಗ್ಬೇಕಲ್ಲ, ಅದಕ್ಕೆ ಕೆಡಂಪ್. ರ‍್ಯಾಮ್‌ನಲ್ಲಿ ಒಂದು ಮೂಲೆ ಮೊದಲೇ ಕಾಯ್ದಿರಿಸಿ ಅಲ್ಲಿ ಇನ್ನೊಂದು ಕರ್ನೆಲ್ ಮಲಗಿಸಿಟ್ಟಿರ್ತೀವಿ, ಮೊದಲನೇದು ಸತ್ತಾಗ ಎರಡನೇದು ಎದ್ದು ಅದರ ಮೆಮೊರಿನ ಡಿಸ್ಕ್‌ಗೆ ಇಳಿಸುತ್ತೆ. ಕೇಳಕ್ಕೆ ಚೆಂದ. ನಾನು 192 ಎಂಬಿ ಕೊಟ್ಟಿದ್ದೆ, ಎರಡನೇ ಕರ್ನೆಲ್ ಎದ್ದು ಅದಕ್ಕೇ ಮೆಮೊರಿ ಸಾಲದೆ ಅದೂ ಸತ್ತೋಯ್ತು. ಅವತ್ತು ಪಿಸ್ಟೋರ್ ಕೂಡ ಖಾಲಿ! ಕೆಡಂಪ್ ಲೋಡ್ ಆಗಿದ್ರೆ ಪ್ಯಾನಿಕ್ ಆದ ತಕ್ಷಣ ಕರ್ನೆಲ್ ಸೀದಾ ಅಲ್ಲಿಗೆ ಜಿಗಿಯುತ್ತೆ, ಪಿಸ್ಟೋರ್‌ಗೆ ಬರೆಯೋ ಸರದೀನೇ ಬರಲ್ಲ. ಎರಡೂ ಆನ್ ಇದ್ರೆ ಡಬಲ್ ಸೇಫ್ಟಿ ಅಂದ್ಕೊಂಡಿದ್ದ ನನಗೆ ಎರಡೂ ಕೈ ಕೊಟ್ವು.

512 ಎಂಬಿ ಮಾಡಿ, ಕರ್ನೆಲ್‌ಗೆ ನೇರ ಆರ್ಡರ್ ಕೊಡೋ ಸಿಸ್‌ಆರ್‌ಕ್ಯೂ ಟ್ರಿಗರ್ ಫೈಲ್‌ಗೆ ಸಿ ಬರೆದು ಬೇಕಂತಲೇ ಕ್ರ್ಯಾಶ್ ಮಾಡಿಸಿ ನೋಡಿದೆ, ಡಂಪ್ ಬಂತು. ಈ ಟೆಸ್ಟ್ ಪಾಸಾದ್ರೆ ಸಾಕು ಅಂತ ನಂಬ್ಕೋಬೇಡಿ ಮಾತ್ರ, ಇಂಟರಪ್ಟ್ ಮಧ್ಯೆ ಹಾರ್ಡ್‌ವೇರ್ ಯಾವ ಸ್ಥಿತೀಲೋ ಇರುವಾಗ ಸಾಯೋದೇ ಬೇರೆ. ಮೂರು ದಿನ ಕಾದ್ಮೇಲೆ ನಿಜವಾದ್ದು ಸಿಕ್ತು. ಖಾಲಿ ಪೇಜು (ಮೆಮೊರಿ ತುಂಡು), ಕ್ಯಾಶು, ಯೂಸರ್ ಪೇಜು ಎಲ್ಲ ಬಿಟ್ಟು ಕಂಪ್ರೆಸ್ ಮಾಡಿದ್ದಕ್ಕೆ 16 ಜಿಬಿ ರ‍್ಯಾಮ್‌ನ ಡಂಪ್ ಕೆಲವು ನೂರು ಎಂಬಿಗೆ ಇಳೀತು. ಆದ್ರೆ ಅದನ್ನ ಓದಕ್ಕೆ ಅದೇ ಕರ್ನೆಲ್ ವರ್ಷನ್‌ದು ಡೀಬಗ್ ಸಿಂಬಲ್ ಪ್ಯಾಕೇಜ್ (ವಿಳಾಸಗಳನ್ನ ಫಂಕ್ಷನ್ ಹೆಸರಿಗೆ ಹೊಂದಿಸೋದು) ಬೇಕು, ಅದೊಂದು ದೊಡ್ಡ ಡೌನ್‌ಲೋಡು. ಡಂಪ್ ಓದೋ ಕ್ರ್ಯಾಶ್ ಅನ್ನೋ ಟೂಲ್‌ನಲ್ಲಿ ಬಿಟಿ (ಬ್ಯಾಕ್‌ಟ್ರೇಸ್) ಕಮಾಂಡ್ ಕೊಟ್ರೆ ಪಿಸ್ಟೋರ್‌ನಲ್ಲಿ ನೋಡಿದ ಟ್ರೇಸೇ. ಲಾಗ್ ಅಂತ ಕೊಟ್ಟಾಗ ಕರ್ನೆಲ್ ಮೆಸೇಜ್‌ಗಳ ಪೂರ್ತಿ ಬಫರ್ ಬಂತು, ಅದರಲ್ಲಿತ್ತು ವಿಷಯ: ಸಾಯೋಕೆ ಸ್ವಲ್ಪ ಮುಂಚೆ ಡಾಂಗಲ್‌ನ ಯುಎಸ್‌ಬಿ ಪೋರ್ಟ್ ರೀಸೆಟ್ ಆಗಿದೆ, ಡ್ರೈವರ್ ಪ್ಯಾಕೆಟ್ ಇಟ್ಕೊಳ್ಳೋ ತನ್ನ ಮೆಮೊರಿ ಬಫರ್ ಬಿಟ್ಟುಕೊಟ್ಟಿದೆ, ಬಂದ ಪ್ಯಾಕೆಟ್ ಎತ್ಕೊಳ್ಳೋ ಕೋಡಿಗೆ ಅದು ಗೊತ್ತೇ ಇಲ್ಲ. ಪಿಸ್ಟೋರ್‌ನ 10 ಕೆಬಿಯಲ್ಲಿ ಅಷ್ಟು ಹಿಂದಕ್ಕೆ ಹೋಗಕ್ಕಾಗಲ್ಲ.

ಮನೆ ಮಷೀನ್‌ಗೆ ಅಂತ ಕೇಳಿದ್ರೆ ನಾನು ಪಿಸ್ಟೋರ್‌ಗೇ ಓಟು ಹಾಕ್ತೀನಿ, ಒಂದು ಸಲ ಆನ್ ಮಾಡಿ ಮರೆತುಬಿಡಬಹುದು. ಕೆಡಂಪ್ ಸರ್ವರ್ ಇಟ್ಟೋರಿಗೆ, ಇಲ್ಲಾ ಡ್ರೈವರ್ ಬರೆದೋರಿಗೆ ಬಗ್ ರಿಪೋರ್ಟ್ ಕಳಿಸೋ ಹಠ ಇರೋರಿಗೆ. ನನಗೆ ಆ ಹಠ ಇರ್ಲಿಲ್ಲ, ಕೆಡಂಪ್ ತೆಗೆದು 512 ಎಂಬಿ ವಾಪಸ್ ತಗೊಂಡೆ. ಡಾಂಗಲ್ ಡ್ರಾಯರ್ ಸೇರಿದೆ, ಕೇಬಲ್ ಈಗಲೂ ಹಾಲ್‌ನಲ್ಲೇ ಇದೆ, ಅಮ್ಮ ಅದರ ಮೇಲೆ ಮ್ಯಾಟ್ ಹಾಸಿದ್ದಾರೆ.