ಬಿಸಿ ದೀಪ, ಅವಸರದ ಕೈ: ಪ್ರೊಜೆಕ್ಟರ್ ಒರೆಸಲು ಹೋಗಿ ಒಡೆದುಕೊಂಡೆ

ನಮ್ಮ ಮನೆಯ ಪ್ರೊಜೆಕ್ಟರ್ ಧೂಳಿನಿಂದ ಹಾಳಾಗಲಿಲ್ಲ. ಧೂಳು ತೆಗೆಯುತ್ತೇನೆಂದು ಹೊರಟ ನನ್ನಿಂದ ಹಾಳಾಯಿತು. ಇದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗಲಿಲ್ಲ. ಮೊದಲು ತಯಾರಕರನ್ನು ಬೈದೆ, ವಿದ್ಯುತ್ತಿನ ಏರಿಳಿತವನ್ನು ಬೈದೆ, ಪರದೆಯ ಮುಂದೆ ಕುಣಿದಾಡುವ ಅಕ್ಕನ ಮಗನನ್ನೂ ಬೈದೆ. ಕೊನೆಗೆ ರಿಪೇರಿಗೆ ಬಂದವರು ಯಂತ್ರವನ್ನು ಬಿಚ್ಚಿಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ಎಲ್ಲ ಪ್ರಶ್ನೆಗಳಿಗೂ ಉತ್ತರ ನಾನೇ ಆಗಿದ್ದೆ. ಮನೆಯಲ್ಲಿ ದೀಪದ ಪ್ರೊಜೆಕ್ಟರ್ ಇಟ್ಟುಕೊಂಡು, ರಜಾದಿನ ಸಿಕ್ಕಾಗ ಅದನ್ನೊಮ್ಮೆ ಒರೆಸೋಣ ಎಂದುಕೊಂಡಿರುವವರು ಬಟ್ಟೆ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ.

ಯಂತ್ರ ಚಾವಣಿಗೆ ತೂಗುಹಾಕಿದ್ದು, ಎಲ್‌ಸಿಡಿ ಬಗೆಯದು, ಕೊಂಡು ನಾಲ್ಕನೆಯ ವರ್ಷ. ಅದರ ಮಗ್ಗುಲಲ್ಲಿ, ಒಳಕ್ಕೆ ಹೋಗುವ ಗಾಳಿಯ ಧೂಳನ್ನು ತಡೆಯುವ ಒಂದು ಏರ್ ಫಿಲ್ಟರ್ ಇದೆ ಎಂಬ ಸಂಗತಿಯೇ ನನಗೆ ಮೂರು ವರ್ಷ ಗೊತ್ತಿರಲಿಲ್ಲ. ಚಿತ್ರ ಮಂಕಾಗುತ್ತ ಬಂದಿತ್ತು. ಆದರೆ ದಿನಕ್ಕೊಂದು ಕೂದಲೆಳೆಯಷ್ಟು ಮಂಕಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಿವಿಗೆ ಬಿದ್ದದ್ದು ಫ್ಯಾನಿನ ಸದ್ದು. ಮೊದಲು ಪಿಸುಮಾತಿನಷ್ಟಿದ್ದದ್ದು ಆಮೇಲಾಮೇಲೆ ಮಿಕ್ಸಿಯ ಹಾಗೆ ಗೊರಗುಟ್ಟತೊಡಗಿತು. ಒಂದು ರಾತ್ರಿ ಸಿನಿಮಾದ ನಡುವೆಯೇ ಆರಿಹೋಗಿ, ಉಷ್ಣತೆಯ ಸೂಚಕ ಮಿಣುಕತೊಡಗಿತು. ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಹೊತ್ತಿಕೊಂಡಿತು. ದಣಿದಿತ್ತು, ಈಗ ಸುಧಾರಿಸಿಕೊಂಡಿದೆ ಎಂದು ನಾನು ತೀರ್ಪು ಕೊಟ್ಟೆ.

ಅದಕ್ಕೂ ಕೆಲವು ತಿಂಗಳು ಮೊದಲು ಇನ್ನೊಂದು ಕೆಲಸ ಮಾಡಿದ್ದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹಾಕಿದಾಗಲೆಲ್ಲ ‘ದೀಪ ಬದಲಾಯಿಸಿ’ ಎಂಬ ಸಂದೇಶ ಪರದೆಯ ಮೇಲೆ ಬರುತ್ತಿತ್ತು. ಮೆನುವಿನಲ್ಲಿ ಹುಡುಕಿದೆ, ದೀಪ ಉರಿದ ಗಂಟೆಗಳ ಲೆಕ್ಕವನ್ನು ಸೊನ್ನೆಗೆ ತರುವ ಒಂದು ಆಯ್ಕೆ ಸಿಕ್ಕಿತು. ಒತ್ತಿದೆ. ಸಂದೇಶ ಮಾಯ! ಅವಧಿ ಮುಗಿದ ಔಷಧಿಯ ಬಾಟಲಿಯ ಮೇಲಿನ ದಿನಾಂಕವನ್ನು ಕೆರೆದು ಹೊಸದನ್ನು ಬರೆದ ಹಾಗಾಯಿತು. ಆ ಆಯ್ಕೆ ಇರುವುದು ಹೊಸ ದೀಪ ಹಾಕಿದ ಮೇಲೆ ಒತ್ತಲಿಕ್ಕೆ. ಇಂಥ ದೀಪಗಳ ಆಯುಷ್ಯ ಸಾಮಾನ್ಯವಾಗಿ 2,000ದಿಂದ 5,000 ಗಂಟೆ. ಬೆಳಕು ತಗ್ಗಿಸಿ ಬಳಸಿದರೆ ಇನ್ನೂ ಹೆಚ್ಚು. ಅದನ್ನು ದಾಟಿದ ಮೇಲೂ ದೀಪ ಉರಿಯುತ್ತದೆ, ನಿಜ. ಆದರೆ ಗಾಜು ಸೊರಗಿರುತ್ತದೆ, ಸಿಡಿಯುವ ಸಂಭವ ಗಂಟೆಗಂಟೆಗೂ ಏರುತ್ತದೆ. ಸಂದೇಶ ಬರುತ್ತಿದ್ದದ್ದು ಬೆಳಕು ಕಡಿಮೆಯಾಯಿತೆಂದು ಹೇಳಲಿಕ್ಕಷ್ಟೇ ಅಲ್ಲ.

ಒಳಗೆ ಇರುವುದು ಏನೆಂದು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಕೈ ತಡೆಯುತ್ತಿತ್ತೇನೋ. ಪ್ರೊಜೆಕ್ಟರನ್ನು ನಾನು ಟಿವಿಯ ತಮ್ಮ ಎಂದುಕೊಂಡಿದ್ದೆ. ಅದು ಒಲೆಯ ತಮ್ಮ. ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಕ್ವಾರ್ಟ್ಸ್ ಗಾಜಿನ ಗುಳ್ಳೆ, ಅದರೊಳಗೆ ಒಂದು ಹನಿ ಪಾದರಸ, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿರುವ ಎರಡು ಟಂಗ್‌ಸ್ಟನ್ ತುದಿಗಳು. ಹೊತ್ತಿಸುವಾಗ ಸಾವಿರಾರು ವೋಲ್ಟಿನ ಕಿಡಿ. ಹೊತ್ತಿಕೊಂಡ ಮೇಲೆ ಪಾದರಸವೆಲ್ಲ ಆವಿಯಾಗಿ, ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡ ಆ ಗುಳ್ಳೆಯೊಳಗೆ ತುಂಬುತ್ತದೆ. ಕಾರಿನ ಟಯರಿನಲ್ಲಿ ಇರುವುದು ಮೂರು ಪಟ್ಟಿನ ಆಸುಪಾಸು. ಗಾಜಿನ ಬಿಸಿ 1,000 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಇದನ್ನು ತಲೆಯ ಮೇಲೆ ತೂಗುಹಾಕಿಕೊಂಡು, ಕೆಳಗೆ ಮಕ್ಕಳನ್ನು ಮಲಗಿಸಿಕೊಂಡು ನಾವು ಸಿನಿಮಾ ನೋಡುತ್ತೇವೆ. ಒಳಗಿನ ಫ್ಯಾನು ಮತ್ತು ಫಿಲ್ಟರು ಸರಿಯಾಗಿ ಇರುವವರೆಗೆ ಅದರಲ್ಲಿ ತಪ್ಪೇನೂ ಇಲ್ಲ.

ಇನ್ನು ನನ್ನ ಶುಚಿ ಕಾರ್ಯಕ್ರಮಕ್ಕೆ ಬರುತ್ತೇನೆ. ಯಂತ್ರ ಆರಿಸಿ ಎರಡು ನಿಮಿಷವೂ ಆಗಿರಲಿಲ್ಲ. ಏಣಿ ಹತ್ತಿದೆ. ಕಂಪ್ಯೂಟರಿನ ಕೀಲಿಮಣೆಯ ಧೂಳು ಊದಲು ತಂದಿದ್ದ ಗಾಳಿ ಡಬ್ಬಿ ಕೈಯಲ್ಲಿತ್ತು. ಅದರ ಕೊಳವೆಯನ್ನು ಯಂತ್ರದ ಕಿಂಡಿಗೆ ತೂರಿಸಿ ಭರ್ರೆಂದು ಊದಿದೆ. ಒಳಗಿನಿಂದ ಬೂದು ಮೋಡವೊಂದು ಎದ್ದಿತು. ಎಷ್ಟು ಸಂತೋಷವಾಯಿತೆಂದರೆ ಡಬ್ಬಿ ಬರಿದಾಗುವವರೆಗೂ ಊದಿದೆ. ಆ ಡಬ್ಬಿಯಲ್ಲಿ ಇರುವುದು ಗಾಳಿಯಲ್ಲ, ಒತ್ತಿ ತುಂಬಿದ ಅನಿಲ. ಎಷ್ಟೋ ಡಬ್ಬಿಗಳಲ್ಲಿ ಅದು ಬೆಂಕಿ ಹಿಡಿಯುವ ಅನಿಲ. ಬಿಸಿ ದೀಪದ ಸುತ್ತ ಅದು ತುಂಬಿಕೊಂಡರೆ ಭುಗಿಲೆನ್ನಲು ಒಂದು ಕಿಡಿ ಸಾಕು. ಪ್ರೊಜೆಕ್ಟರಿನ ಕೈಪಿಡಿಗಳಲ್ಲಿ ಇದನ್ನು ದಪ್ಪ ಅಕ್ಷರಗಳಲ್ಲಿ ಎಚ್ಚರಿಸಿರುತ್ತಾರೆ. ನನ್ನ ಕೈಪಿಡಿ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಮಲಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಆಮೇಲೆ ಓದಿದೆ.

ಬೆಂಕಿ ಹತ್ತಲಿಲ್ಲ. ಅದು ನನ್ನ ಜಾಣತನವಲ್ಲ, ಪುಣ್ಯ. ಆದರೆ ಬೇರೆ ದಂಡ ತೆತ್ತೆ. ಹೊರಗೆ ಬಂದದ್ದಕ್ಕಿಂತ ಹೆಚ್ಚು ಧೂಳು ಒಳಕ್ಕೆ ಹೋಗಿತ್ತು. ಕಿಂಡಿಯ ಬಾಯಲ್ಲಿ ಸುಮ್ಮನೆ ಕುಳಿತಿದ್ದ ಕಸ ನನ್ನ ಊದುವಿಕೆಗೆ ಹೆದರಿ ಚಿತ್ರ ಮೂಡಿಸುವ ಎಲ್‌ಸಿಡಿ ಹಾಳೆಯ ಮೇಲೆ ಹೋಗಿ ಕುಳಿತುಕೊಂಡಿತು. ಅಂದಿನಿಂದ ಕತ್ತಲೆಯ ದೃಶ್ಯ ಬಂದರೆ ಸಾಕು, ಪರದೆಯ ಬಲಭಾಗದಲ್ಲಿ ಹಸಿರು ಬಣ್ಣದ ಮಸುಕು ಮಚ್ಚೆಯೊಂದು ಕಾಣಿಸಿಕೊಳ್ಳುತ್ತದೆ. ಲೆನ್ಸ್ ಒರೆಸಿದರೆ ಅದು ಹೋಗುವುದಿಲ್ಲ, ಅದು ಇರುವುದು ಲೆನ್ಸಿನ ಮೇಲಲ್ಲ. ಇದು ತಿಳಿಯದೆ ನಾನು ಕಿಟಕಿಯ ಗಾಜು ಒರೆಸುವ ದ್ರವವನ್ನು ಲೆನ್ಸಿಗೆ ಸಿಂಪಡಿಸಿ ಅಂಗಿಯ ಅಂಚಿನಿಂದ ತಿಕ್ಕಿದೆ. ಲೆನ್ಸಿನ ಲೇಪನದ ಮೇಲೆ ಈಗ ಸುಳಿಸುಳಿಯಾದ ಗೀರುಗಳಿವೆ. ಅಂಥ ದ್ರವಗಳಲ್ಲಿ ಅಮೋನಿಯಾ ಇರಬಹುದು, ಅಂಗಿಯಲ್ಲಿ ಮರಳಿನಂಥ ಧೂಳಂತೂ ಇದ್ದೇ ಇರುತ್ತದೆ. ಕ್ಯಾಮೆರಾದವರು ಬಳಸುವ ರಬ್ಬರ್ ಬುರುಡೆಯಿಂದ ಮೊದಲು ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಹಗುರವಾಗಿ ಆಡಿಸಿದ್ದರೆ ಮುಗಿಯುತ್ತಿತ್ತು. ಅದೂ ಲೆನ್ಸ್ ತಣ್ಣಗಾದ ಮೇಲೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಮಚ್ಚೆ, ಗೀರು ಎರಡರಲ್ಲೇ ಕಥೆ ಮುಗಿಯುತ್ತಿತ್ತು. ಆದರೆ ಉತ್ಸಾಹ ಏರಿತ್ತು. ದೀಪದ ಬಾಗಿಲಿನ ಸ್ಕ್ರೂ ಬಿಚ್ಚಿ, ದೀಪವನ್ನು ಅದರ ಚೌಕಟ್ಟಿನ ಸಮೇತ ಹೊರಗೆಳೆದೆ. ನಮ್ಮ ಮಾದರಿಯಲ್ಲಿ ಪ್ರತಿಫಲಕದ ಬಟ್ಟಲಿಗೆ ಮುಂದೆ ಗಾಜಿನ ಮುಚ್ಚಳ ಇರಲಿಲ್ಲ. ಒಳಗಿನ ಗುಳ್ಳೆಯ ಮೇಲೆ ಬೆಳ್ಳಗೆ ಏನೋ ಮಬ್ಬು ಕಂಡಿತು, ಧೂಳು ಎಂದುಕೊಂಡೆ. ಬಟ್ಟೆ ಸುತ್ತಿದ ಬೆರಳನ್ನು ಒಳಕ್ಕೆ ತೂರಿಸಿದೆ. ಚುರ್ರೆಂದಿತು. ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತು. ಅಲ್ಲಿಗೂ ಬುದ್ಧಿ ಬರಲಿಲ್ಲ. ಹತ್ತು ನಿಮಿಷ ಬಿಟ್ಟು, ಈ ಬಾರಿ ಇನ್ನೊಂದು ಕೈಯ ಬರಿ ಬೆರಳಿನಿಂದ ಒರೆಸಿದೆ. ಮಬ್ಬು ಹೋಗಲಿಲ್ಲ. ಹೋಗುವುದೂ ಇಲ್ಲ, ಅದು ಧೂಳಲ್ಲ. ವಯಸ್ಸಾದ ಕ್ವಾರ್ಟ್ಸ್ ಗಾಜು ತನ್ನ ಪಾರದರ್ಶಕತೆ ಕಳೆದುಕೊಂಡು ಹರಳುಗಟ್ಟುತ್ತಿದ್ದ ಗುರುತು. ಬೆರಳಿನ ಬೆವರಿನಲ್ಲಿ ಇರುವ ಉಪ್ಪು ಮತ್ತು ಎಣ್ಣೆಯಂಶ ಬಿಸಿ ಕ್ವಾರ್ಟ್ಸಿನ ಮೇಲೆ ಬಿದ್ದರೆ ಇದೇ ರೋಗ ಇನ್ನಷ್ಟು ಬೇಗ ಹರಡುತ್ತದೆ. ಮುಟ್ಟಿದ ಜಾಗದಲ್ಲಿ ಗಾಜು ದುರ್ಬಲವಾಗುತ್ತದೆ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಇದರ ಜೊತೆಗೆ ದಿನನಿತ್ಯದ ಒಂದು ಕೆಟ್ಟ ಅಭ್ಯಾಸವೂ ಇತ್ತು. ಆರಿಸಿದ ಮೇಲೂ ಪ್ರೊಜೆಕ್ಟರಿನ ಫ್ಯಾನು ಒಂದೆರಡು ನಿಮಿಷ ತಿರುಗುತ್ತದೆ. ಆ ಸದ್ದು ಕೇಳಲಾಗದೆ ನಾನು ಗೋಡೆಯ ಸ್ವಿಚ್ಚನ್ನೇ ತಟ್ಟಿಬಿಡುತ್ತಿದ್ದೆ. ಒಲೆಯ ಮೇಲಿಂದ ಇಳಿಸಿದ ಬಾಣಲೆಯನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಹಾಗೆ ಬಿಸಿಯೆಲ್ಲ ದೀಪದ ಸುತ್ತಲೇ ಉಳಿದುಕೊಳ್ಳುತ್ತಿತ್ತು. ನೇರವಾಗಿ ವಿದ್ಯುತ್ ಕಡಿದರೂ ತಾಳಿಕೊಳ್ಳುವಂತೆ ರೂಪಿಸಿದ ಮಾದರಿಗಳು ಈಗ ಬಂದಿವೆ. ನಮ್ಮದು ಅಂಥದ್ದಲ್ಲ. ನಿಮ್ಮದು ಅಂಥದ್ದೇ ಎಂದು ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳುವವರೆಗೆ ಫ್ಯಾನು ತಾನಾಗಿ ನಿಲ್ಲುವವರೆಗೂ ಕಾಯಿರಿ.

ಒರೆಸಿ ಎರಡು ವಾರ ಕಳೆದಿತ್ತು. ಅಂದು ಸಂಜೆ ಚಿತ್ರ ಒಂದೆರಡು ಬಾರಿ ಮಿಣುಕಿತು. ನಾನು ಎದ್ದು ಕೇಬಲ್ ಅಲುಗಾಡಿಸಿದೆ. ಸ್ವಲ್ಪ ಹೊತ್ತಿಗೆ ಚಾವಣಿಯಿಂದ ಢಮ್ಮೆಂದು ಸದ್ದಾಗಿ ಕೋಣೆ ಕತ್ತಲಾಯಿತು. ಗಾಜಿನ ಪುಡಿ ಕಿಂಡಿಯಿಂದ ಸುರಿಯಿತು, ಒಂದು ಬಗೆಯ ಸುಟ್ಟ ವಾಸನೆ ಹರಡಿತು. ಅಕ್ಕನ ಮಗ ಸರಿಯಾಗಿ ಅದರ ಕೆಳಗೆ ಚಾಪೆಯ ಮೇಲಿದ್ದ. ಕೂದಲಲ್ಲಿ ಚೂರುಗಳಿದ್ದವು, ಗಾಯವಾಗಲಿಲ್ಲ. ಅಕ್ಕ ಅವನನ್ನು ಎತ್ತಿಕೊಂಡು ಹೊರಗೆ ಓಡಿದಳು.

ಆ ಗದ್ದಲದಲ್ಲಿ ಸರಿಯಾದ ಕೆಲಸ ಮಾಡಿದವಳು ಅಕ್ಕ ಒಬ್ಬಳೇ. ನಾನು ಮಾಡಿದ್ದನ್ನು ಯಾರೂ ಮಾಡಬಾರದು: ಪುಡಿ ಯಾರ ಕಾಲಿಗೂ ಚುಚ್ಚದಿರಲಿ ಎಂದು ವ್ಯಾಕ್ಯೂಮ್ ಕ್ಲೀನರ್ ತಂದು ನೆಲವನ್ನೆಲ್ಲ ಎಳೆದೆ. ಮರುದಿನ ಬಂದ ರಿಪೇರಿಯವರು ಯಂತ್ರವನ್ನು ನೋಡುವ ಮೊದಲೇ ಕೇಳಿದರು, “ಗಾಜು ಹೇಗೆ ಬಳಿದಿರಿ ಸರ್?” ಹೇಳಿದೆ. ಅವರು ಹಣೆ ಚಚ್ಚಿಕೊಳ್ಳಲಿಲ್ಲ, ಅಷ್ಟೇ. “ಪಾದರಸ ಒಂದು ಕಡೆ ಬಿದ್ದಿತ್ತು. ನೀವು ಅದನ್ನು ಹೀರಿ, ಬಿಸಿ ಮಾಡಿ, ಇಡೀ ಕೋಣೆಗೆ ಊದಿದ್ದೀರಿ” ಎಂದರು. ಈ ದೀಪದಲ್ಲಿ ಇರುವುದು ಕೆಲವೇ ಮಿಲಿಗ್ರಾಂಗಳಿಂದ ಹತ್ತಾರು ಮಿಲಿಗ್ರಾಂ ಪಾದರಸ. ಒಮ್ಮೆ ಒಡೆದರೆ ಪ್ರಾಣಕ್ಕೆ ಬರುವ ಪ್ರಮಾಣವೇನೂ ಅಲ್ಲ. ಹಾಗೆಂದು ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ಉಸಿರಾಡುತ್ತ ಕುಳಿತುಕೊಳ್ಳುವಂಥದ್ದೂ ಅಲ್ಲ. ಮಕ್ಕಳು, ಬಸುರಿಯರು ಇದ್ದರಂತೂ ಕೂಡದು.

ದೀಪ ಸಿಡಿದರೆ ಮೊದಲು ಎಲ್ಲರೂ, ನಾಯಿ ಬೆಕ್ಕುಗಳೂ ಸೇರಿದಂತೆ, ಕೋಣೆಯಿಂದ ಹೊರಗೆ ಬರಬೇಕು. ಹೊರಬರುವಾಗ ಕಿಟಕಿ ತೆರೆದಿಡಿ, ಎಸಿ ಇದ್ದರೆ ಆರಿಸಿ, ಪ್ರೊಜೆಕ್ಟರಿನ ವಿದ್ಯುತ್ತನ್ನು ಗೋಡೆಯಲ್ಲೇ ಕಡಿಯಿರಿ. ಈ ಒಂದು ಸಂದರ್ಭದಲ್ಲಿ ಫ್ಯಾನಿಗಾಗಿ ಕಾಯಬೇಕಾಗಿಲ್ಲ. ಅರ್ಧ ಗಂಟೆಯಾದರೂ ಗಾಳಿಯಾಡಲಿ. ಆಮೇಲೆ ಕೈಗವಸು ಹಾಕಿಕೊಂಡು ದಪ್ಪ ರಟ್ಟಿನಿಂದ ಚೂರುಗಳನ್ನು ಒಟ್ಟುಮಾಡಿ, ಸಣ್ಣ ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ನೆಲವನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆಯೂ ಬೇಡ, ಅದು ಪಾದರಸವನ್ನು ಚದುರಿಸುತ್ತದೆ. ಆ ಡಬ್ಬಿಯನ್ನು ಮನೆಯ ಕಸದ ಜೊತೆ ಎಸೆಯದೆ ಪಾದರಸದ ದೀಪಗಳನ್ನು ತೆಗೆದುಕೊಳ್ಳುವ ತ್ಯಾಜ್ಯ ಕೇಂದ್ರಕ್ಕೆ ಕೊಡಬೇಕು. ಒಡೆಯದೆ ಸತ್ತ ದೀಪಕ್ಕೂ ಇದೇ ದಾರಿ. ಯಂತ್ರದ ಒಳಗೆ ಉಳಿದ ಚೂರುಗಳನ್ನು ಅಲುಗಾಡಿಸಿ ಉದುರಿಸುವ ಪ್ರಯತ್ನ ನೀವು ಮಾಡಬೇಡಿ, ಅದು ರಿಪೇರಿಯವರ ಕೆಲಸ. ನಾನು ಮಾಡಿದೆ, ಒಂದು ಚೂರು ಫ್ಯಾನಿನ ಎಲೆಯನ್ನು ಮುರಿಯಿತು.

ಹೊಸ ದೀಪ ಕೊಳ್ಳುವಾಗ ಇನ್ನೊಂದು ಬಲೆಗೆ ಬೀಳುವುದರಲ್ಲಿದ್ದೆ. ಚೌಕಟ್ಟಿಲ್ಲದ ಬರಿ ಬಲ್ಬು ಕಡಿಮೆ ಬೆಲೆಗೆ ಸಿಗುತ್ತದೆ. ಹಳೆಯ ಚೌಕಟ್ಟಿಗೆ ಅದನ್ನು ನಾವೇ ಕೂರಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಬೆಳಕು ಹಾದಿ ತಪ್ಪುತ್ತದೆ, ಬಿಸಿ ಸಲ್ಲದ ಕಡೆ ಬೀಳುತ್ತದೆ, ಗಾಜನ್ನು ಮುಟ್ಟುವ ಅಪಾಯ ಬೇರೆ. ನನ್ನಂಥ ಕೈಯವರು ಚೌಕಟ್ಟಿನ ಸಮೇತ ಬರುವ ದೀಪವನ್ನೇ, ಮಾದರಿ ಸಂಖ್ಯೆ ತಾಳೆ ನೋಡಿ ಕೊಳ್ಳುವುದು ಒಳ್ಳೆಯದು. ಹಾಕುವ ಮೊದಲು ವಿದ್ಯುತ್ ತಂತಿ ಕಿತ್ತು ಒಂದು ಗಂಟೆ ಬಿಡುತ್ತೇನೆ. ಯಂತ್ರ ಚಾವಣಿಯಲ್ಲಿದ್ದರೆ ಬಾಗಿಲು ತೆರೆಯುವಾಗ ಅದರ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು; ಒಳಗೆ ದೀಪ ಬಿರುಕು ಬಿಟ್ಟಿದ್ದರೆ ಚೂರುಗಳು ಮುಖಕ್ಕೇ ಬರುತ್ತವೆ. ಗಂಟೆಗಳ ಲೆಕ್ಕವನ್ನು ಸೊನ್ನೆಗೆ ತರುವ ಸಮಯ ಇದು, ಇದೊಂದೇ.

ಫಿಲ್ಟರಿನ ಕೆಲಸ ಎಷ್ಟು ಸುಲಭವೆಂದರೆ ಹೇಳಲು ಮುಜುಗರವಾಗುತ್ತದೆ. ತಣ್ಣಗಾದ ಯಂತ್ರದಿಂದ ಫಿಲ್ಟರನ್ನು ಹೊರಗೆ ತೆಗೆದು, ಯಂತ್ರದಿಂದ ದೂರ ಒಯ್ದು ಮೆತ್ತನೆಯ ಬ್ರಷ್ಷಿನಿಂದ ಧೂಳು ಬಿಡಿಸುವುದು. ವ್ಯಾಕ್ಯೂಮ್ ಕ್ಲೀನರಿಗೆ ಸಲ್ಲುವ ಜಾಗ ಇದು. ಎಷ್ಟೋ ಫಿಲ್ಟರುಗಳನ್ನು ನೀರಿನಲ್ಲಿ ತೊಳೆಯಬಾರದು, ಹರಿದಿದ್ದರೆ ಬದಲಿಸಬೇಕು. ಐದು ನಿಮಿಷದ ಕೆಲಸ. ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಬಗೆಯಲ್ಲಿ ಫಿಲ್ಟರೇ ಇಲ್ಲದ ಯಂತ್ರಗಳೂ ಇವೆ, ಅವುಗಳಲ್ಲಿ ಕಿಂಡಿಗಳ ಧೂಳನ್ನು ಹೊರಗಿನಿಂದ ಒರೆಸಿದರೆ ಸಾಕು. ಎಲ್‌ಇಡಿ ಅಥವಾ ಲೇಸರ್ ಪ್ರೊಜೆಕ್ಟರ್ ಕೊಂಡವರಿಗೆ ಪಾದರಸದ ಈ ಭಯವಿಲ್ಲ. ಸಾಮಾನ್ಯವಾಗಿ 20,000 ಗಂಟೆಯ ಆಯುಷ್ಯ ಹೇಳುತ್ತಾರೆ. ಆದರೆ ಉರಿಯುತ್ತಿರುವಾಗ ಲೆನ್ಸಿಗೆ ಕಣ್ಣಿಟ್ಟು ಧೂಳು ಹುಡುಕುವ ಕೆಲಸ ಯಾವ ಯಂತ್ರದಲ್ಲೂ ಬೇಡ.

ಹೊಸ ದೀಪ ಹಾಕಿ ಎಂಟು ತಿಂಗಳಾಯಿತು. ಚಾಪೆ ಈಗ ಗೋಡೆಯ ಕಡೆಗೆ ಸರಿದಿದೆ, ಅಕ್ಕನ ಅಪ್ಪಣೆ. ಹಸಿರು ಮಚ್ಚೆ ಮಾತ್ರ ಹಾಗೆಯೇ ಇದೆ. ಅದನ್ನು ತೆಗೆಯಬೇಕಾದರೆ ಯಂತ್ರವನ್ನು ಪೂರ್ತಿ ಬಿಚ್ಚಬೇಕು ಎಂದರು ರಿಪೇರಿಯವರು. ಬೇಡ, ಇರಲಿ ಎಂದೆ. ಸಿನಿಮಾದಲ್ಲಿ ರಾತ್ರಿಯಾದಾಗಲೆಲ್ಲ ಅಕ್ಕನ ಮಗ ಅದನ್ನು ಬೆರಳು ಮಾಡಿ ತೋರಿಸಿ, “ಮಾಮಾ, ನಿಮ್ಮ ಚಂದ್ರ ಬಂದ” ಎನ್ನುತ್ತಾನೆ.