ಕತ್ತಿನ ಗಂಟಿಗೆ ಸಿಬಿನ್ಯಾಟ್, ಕಲ್ಚರ್, ಬಯಾಪ್ಸಿ: ಯಾವುದು ಮೊದಲು?

ಕತ್ತಿನಲ್ಲಿ ಗಂಟು, ಸಂಜೆಯಾದರೆ ಜ್ವರ, ಆದರೆ ಕೆಮ್ಮಿಲ್ಲ, ಕಫವಿಲ್ಲ. ಇದು ಶ್ವಾಸಕೋಶದ ಹೊರಗಿನ ಟಿಬಿ ಇರಬಹುದು. ಇಂಥ ಟಿಬಿಯಲ್ಲಿ ಕ್ರಿಮಿಗಳೇ ಕಡಿಮೆ, ಹಿಡಿಯೋದು ಕಷ್ಟ.

ಸಿಬಿನ್ಯಾಟ್ ಬೇಗ ಆಗುತ್ತದೆ. ಗಂಟಿನಿಂದ ಸೂಜಿಯಲ್ಲಿ ತೆಗೆದ ಕೀವನ್ನು ಕಾರ್ಟ್ರಿಜ್‌ಗೆ ಹಾಕಿದರೆ ಯಂತ್ರ ಸುಮಾರು 2 ಗಂಟೆಯಲ್ಲಿ ಕ್ರಿಮಿಯ ಡಿಎನ್‌ಎ ಹುಡುಕುತ್ತದೆ. ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಕ್ರಿಮಿ ಬಗ್ಗುತ್ತದೋ ಇಲ್ಲವೋ, ಅದನ್ನೂ ಹೇಳುತ್ತದೆ. ಆದರೆ ಸತ್ತ ಕ್ರಿಮಿಯ ಡಿಎನ್‌ಎಯನ್ನೂ ಹಿಡಿಯಬಹುದು. ಹಿಂದೆ ಟಿಬಿ ಚಿಕಿತ್ಸೆ ಆಗಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಕಲ್ಚರ್ ಜೀವಂತ ಕ್ರಿಮಿಯನ್ನೇ ಬೆಳೆಸಿ ತೋರಿಸುತ್ತದೆ, ಜಾಸ್ತಿ ಔಷಧಿಗಳನ್ನು ಪರೀಕ್ಷಿಸಬಹುದು. ಆದರೆ ‘ಇಲ್ಲ’ ಅನ್ನಲು ದ್ರವ ಕಲ್ಚರ್‌ಗೂ 42 ದಿನ ಬೇಕು.

ಬಯಾಪ್ಸಿ ಅಂದರೆ ಗಂಟಿನ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇದರ ದೊಡ್ಡ ಲಾಭವೆಂದರೆ ಗಂಟು ಟಿಬಿ ಅಲ್ಲದೆ ಕ್ಯಾನ್ಸರ್ ಆಗಿದ್ದರೂ ಗೊತ್ತಾಗುತ್ತದೆ. ಇಲ್ಲೇ ಒಂದು ತಪ್ಪು ನಡೆಯುತ್ತದೆ. ಇಡೀ ತುಣುಕನ್ನು ಫಾರ್ಮಾಲಿನ್‌ಗೆ (ತುಣುಕು ಕೊಳೆಯದಂತೆ ಇಡುವ ದ್ರವ) ಹಾಕಿಬಿಟ್ಟರೆ ಕ್ರಿಮಿ ಸಾಯುತ್ತದೆ, ಕಲ್ಚರ್ ಆಗೋದಿಲ್ಲ. ಆಪರೇಷನ್‌ಗೆ ಮೊದಲೇ ಕೇಳಿ: “ಒಂದು ತುಣುಕು ಸಲೈನ್ ಬಾಟಲಿಗೂ ಹಾಕ್ತೀರಾ ಸಾರ್?” ಈ ಮಾತು ಇನ್ನೊಂದು ಕೊಯ್ತ ತಪ್ಪಿಸಬಹುದು.

ನನ್ನ ಆಯ್ಕೆ? ಕತ್ತಿನ ಗಂಟಿಗೆ ಮೊದಲು ಸೂಜಿ ಪರೀಕ್ಷೆ, ಅದೇ ಸ್ಯಾಂಪಲ್‌ನಲ್ಲಿ ಸಿಬಿನ್ಯಾಟ್, ಉಳಿದದ್ದು ಕಲ್ಚರ್‌ಗೆ. ಆದರೆ ಎದೆಯ ನೀರಿನಲ್ಲಿ (ಶ್ವಾಸಕೋಶದ ಸುತ್ತ ತುಂಬುವ ದ್ರವ) ಸಿಬಿನ್ಯಾಟ್ ‘ನೆಗೆಟಿವ್’ ಅಂದರೆ ನಂಬಿ ಕೂರಬೇಡಿ, ಅಲ್ಲಿ ಅದು ಬಹಳಷ್ಟು ಟಿಬಿ ತಪ್ಪಿಸಿಕೊಳ್ಳಲು ಬಿಡುತ್ತದೆ. ಮೆದುಳಿನ ಟಿಬಿ ಅನುಮಾನವಿದ್ದರೆ ಬೆನ್ನಿನ ನೀರನ್ನು (ಬೆನ್ನುಮೂಳೆಯಿಂದ ಸೂಜಿಯಲ್ಲಿ ತೆಗೆಯುವ ದ್ರವ) ತಕ್ಷಣ ಸಿಬಿನ್ಯಾಟ್‌ಗೆ ಕಳಿಸಬೇಕು. ಅಲ್ಲೂ ನೆಗೆಟಿವ್ ಬಂತೆಂದು ಚಿಕಿತ್ಸೆ ತಡವಾಗಬಾರದು.