ಎಲ್ಲಾ ಲೆವೆಲ್‌ನವರಿಗೂ ಒಂದೇ ಸ್ನೋಬೋರ್ಡ್ ಪ್ಯಾಕೇಜ್ ಅಂದರೆ ಅಡ್ವಾನ್ಸ್ ಕೊಡಬೇಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಈ ಚಳಿಗಾಲಕ್ಕೆ ಕಡಿಮೆ ಖರ್ಚಿನಲ್ಲಿ ಸ್ನೋಬೋರ್ಡಿಂಗ್‌ಗೆ (ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ) ಅಂತ ವಿದೇಶಕ್ಕೆ ಹೊರಟಿರುವವರು ಇದನ್ನು ಪೂರ್ತಿ ಓದಿ. ಅದರಲ್ಲೂ ಗುಂಪಿನಲ್ಲಿ ಒಬ್ಬಿಬ್ಬರಿಗೆ ಬೋರ್ಡ್ ಬರುತ್ತದೆ, ಉಳಿದವರು ಹಿಮವನ್ನೇ ಮುಟ್ಟಿಲ್ಲ ಅನ್ನುವಂತಿದ್ದರೆ ತಪ್ಪದೇ ಓದಿ. "ಯಾವ ಲೆವೆಲ್ ಇದ್ದರೂ ಒಂದೇ ರೇಟು, ಎಲ್ಲಾ ಸೇರಿ" ಅಂತ ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಇಂಥದ್ದೇ ಪ್ಯಾಕೇಜ್‌ನಲ್ಲಿ ಹೋಗಿ ನಮ್ಮ ಕಾಕಾನ ಮಗ ಮಣಿಕಟ್ಟು ಮುರಿದುಕೊಂಡು ಬಂದ. ಇವತ್ತಿಗೂ ಆ ಕೈಯಲ್ಲಿ ತುಂಬಿದ ಬಕೆಟ್ ಎತ್ತಲು ಅವನಿಗೆ ಆಗುವುದಿಲ್ಲ.

ನಾವು ಹೋಗಿದ್ದು ಕಜಕಿಸ್ತಾನದ ಅಲ್ಮಾಟಿಗೆ. ಜಾಗದ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ, ಸಣ್ಣ ಬಜೆಟ್‌ಗೆ ಅದು ಒಳ್ಳೆಯ ಆಯ್ಕೆ ಅಂತ ಈಗಲೂ ಹೇಳುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದರೆ 14 ದಿನದವರೆಗೆ ವೀಸಾ ಬೇಡ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ದೆಹಲಿಗೆ ಹೋದರೆ ಅಲ್ಲಿಂದ ಸುಮಾರು ನಾಲ್ಕು ತಾಸಿನ ವಿಮಾನ. ನಮಗೂ ಅವರಿಗೂ ಗಡಿಯಾರದಲ್ಲಿ ಅರ್ಧ ತಾಸು ಮಾತ್ರ ವ್ಯತ್ಯಾಸ. ಶಿಂಬುಲಾಕ್ ಅನ್ನುವ ಹಿಮದ ಗುಡ್ಡ ಊರಿಗೆ ಎಷ್ಟು ಹತ್ತಿರ ಅಂದರೆ 12ನೇ ನಂಬರಿನ ಸಿಟಿ ಬಸ್ ಹತ್ತಿ ಮೆಡೆಉ ತನಕ ಹೋಗಿ, ಅಲ್ಲಿಂದ ಗೊಂಡೊಲಾದಲ್ಲಿ (ತಂತಿಯ ಮೇಲೆ ಹೋಗುವ ಕೇಬಲ್ ಕಾರ್) ಮೇಲೆ ಹೋಗಬಹುದು. ಬುಡವೇ 2,260 ಮೀಟರ್ ಎತ್ತರದಲ್ಲಿದೆ, ತುದಿ ಸುಮಾರು 3,200 ಮೀಟರ್. ಹೊಸಬರಿಗೆ ಬುಡದಲ್ಲೇ ಇಳಿಜಾರು ಕಡಿಮೆ ಇರುವ ಜಾಗ ಇದೆ, ಬಲ್ಲವರಿಗೆ ಮೇಲೆ ಕಡಿದಾದ ದಾರಿಗಳಿವೆ. ಅಂದರೆ ನಮ್ಮಂಥ ಗುಂಪಿಗೆ ಬೇಕಾದದ್ದೆಲ್ಲಾ ಅಲ್ಲಿತ್ತು.

ಗೆಳೆಯನೊಬ್ಬ ಕೆನಡಾದಲ್ಲಿ ಕೆಲಸಕ್ಕಿದ್ದಾಗ ಚೆನ್ನಾಗಿ ಕಲಿತವನು. ನಾನು ಗುಲ್ಮಾರ್ಗ್‌ನಲ್ಲಿ ಅಷ್ಟಿಷ್ಟು ಕಲಿತಿದ್ದೆ. ಕಾಕಾನ ಮಗ, ಅವನ ಹೆಂಡತಿ, ಅವನ ಆಫೀಸಿನ ಇಬ್ಬರು ಪೂರ್ತಿ ಹೊಸಬರು. ಇದನ್ನೆಲ್ಲಾ ಬೆಳಗಾವಿಯ ಟಿಳಕವಾಡಿಯ ಏಜೆಂಟ್ ಮುಂದೆ ಕೂತು ಒಬ್ಬೊಬ್ಬರದೂ ಬಿಡಿಸಿ ಹೇಳಿದ್ದೆವು. ಹೆಸರು ಬರೆಯುವುದಿಲ್ಲ, ದೂರಿನ ವಿಷಯ ನಡೆಯುತ್ತಿದೆ. "ಎಲ್ಲಾ ಇದರಾಗ ಬಂತ್ರೀ ಸರ, ಪಾಸು, ಕೋಚು, ಬೋರ್ಡು, ಇನ್ಶೂರೆನ್ಸು. ನೀವು ಬರೇ ಬ್ಯಾಗ್ ತುಂಬ್ಕೊಂಡು ಹೊಂಡ್ರಿ" ಅಂದ. ಯಾವುದಕ್ಕೆ ಎಷ್ಟು ಅಂತ ಕೇಳಿದಾಗಲೆಲ್ಲಾ ನಾಳೆ ಕಳಿಸುತ್ತೇನೆ ಅನ್ನುತ್ತಿದ್ದ. ಲೆಕ್ಕದ ಚೀಟಿ ಬಂದದ್ದು ಪೂರ್ತಿ ದುಡ್ಡು ಜಮಾ ಆದ ಮೇಲೆ. ಅದರಲ್ಲಿ ತಲೆಗೆ ಇಷ್ಟು ಅಂತ "ವೀಸಾ ಪ್ರೋಸೆಸಿಂಗ್" ಬೇರೆ! ವೀಸಾನೇ ಬೇಡದ ದೇಶಕ್ಕೆ. ಕೇಳಿದರೆ ಅದು ನಮ್ಮ ಸರ್ವಿಸ್ ಚಾರ್ಜು ಅಂದ, ವಾಪಸ್ ಕೊಡಲಿಲ್ಲ.

ಗುಡ್ಡದ ಮೇಲೆ ಹೋದಾಗ ಗೊತ್ತಾಯಿತು, "ಲಿಫ್ಟ್ ಪಾಸ್" ಅಂದದ್ದು ಗೊಂಡೊಲಾದಲ್ಲಿ ಮೇಲೆ ಹೋಗಿ ಸುತ್ತಾಡಿ ಬರುವ ಪ್ರವಾಸಿಗರ ಟಿಕೆಟ್. ಬೋರ್ಡ್ ಕಟ್ಟಿಕೊಂಡು ಲಿಫ್ಟ್ ಹತ್ತಿ ಇಳಿಯಲು ಸ್ಕೀ ಪಾಸ್ ಬೇಕು, ಅದು ಬೇರೆ. ಕೆನಡಾ ಗೆಳೆಯನೂ ನಾನೂ ಕೈಯಿಂದ ಕೊಟ್ಟು ತೆಗೆದುಕೊಂಡೆವು. ನಿಜ ಹೇಳಬೇಕೆಂದರೆ ಹೊಸಬರಿಗೆ ಮೊದಲ ದಿನಗಳಲ್ಲಿ ಇಡೀ ಗುಡ್ಡದ ಪಾಸ್ ಬೇಕಾಗುವುದೇ ಇಲ್ಲ. ಹಲವು ಕಡೆ ಹೊಸಬರ ಲಿಫ್ಟಿಗಷ್ಟೇ ಕಡಿಮೆ ದರದ ಟಿಕೆಟ್ ಸಿಗುತ್ತದೆ. ಒಬ್ಬೊಬ್ಬರಿಗೂ ಬೇಕಾದ್ದನ್ನಷ್ಟೇ ತೆಗೆದುಕೊಂಡಿದ್ದರೆ ಖರ್ಚು ಎಷ್ಟೋ ಇಳಿಯುತ್ತಿತ್ತು, ಅಲ್ವಾ?

ಆದರೆ ದುಡ್ಡು ಹೋದದ್ದು ದೊಡ್ಡದಲ್ಲ, ಕೋಚ್ ವಿಷಯ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಏಜೆಂಟ್ ಕಳಿಸಿದವನು ತರಬೇತಿ ಪಡೆದ ಕೋಚ್ ಅಲ್ಲ, ವಿಮಾನ ನಿಲ್ದಾಣದಿಂದ ನಮ್ಮನ್ನು ಕರೆದುಕೊಂಡು ಬಂದಿದ್ದ ಟೂರ್ ಗೈಡ್. ಸ್ನೋಬೋರ್ಡ್‌ನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತವೆ. ಹಲಗೆಯ ಅಂಚು ಹಿಮಕ್ಕೆ ಸಿಕ್ಕಿಕೊಂಡರೆ ಕಾಲು ಮುಂದಿಟ್ಟು ತಡೆದುಕೊಳ್ಳಲು ಆಗುವುದಿಲ್ಲ, ಧಡ್ ಅಂತ ಬೀಳುತ್ತೀರಿ, ಆಗ ಕೈ ತಾನಾಗಿಯೇ ಊರುತ್ತದೆ. ಅದಕ್ಕೇ ಹೊಸಬರಲ್ಲಿ ಜಾಸ್ತಿ ಪೆಟ್ಟಾಗುವುದು ಮಣಿಕಟ್ಟಿಗೆ. ಒಳ್ಳೆಯ ಕೋಚ್ ಮೊದಲು ಬೀಳುವುದನ್ನು ಕಲಿಸುತ್ತಾನೆ, ಮುಷ್ಟಿ ಕಟ್ಟಿಕೊಂಡು ಮುಂಗೈ (ಮೊಣಕೈಯಿಂದ ಮಣಿಕಟ್ಟಿನ ತನಕದ ಭಾಗ) ಮೇಲೆ ಬೀಳಬೇಕು, ಅಂಗೈ ಊರಬಾರದು. ಆಮೇಲೆ ಹಿಮ್ಮಡಿ ಕಡೆಯ ಅಂಚಿನ ಮೇಲೆ ನಿಲ್ಲುವುದು, ಅಡ್ಡಡ್ಡ ಜಾರುವುದು, ನಿಲ್ಲಿಸುವುದು. ಇಷ್ಟು ಬರುವ ತನಕ ಬುಡ ಬಿಟ್ಟು ಮೇಲೆ ಕರೆದುಕೊಂಡು ಹೋಗುವುದಿಲ್ಲ.

ನಮ್ಮ ಗೈಡ್ ಇದ್ಯಾವುದನ್ನೂ ಹೇಳಲಿಲ್ಲ. ನಾವಿಬ್ಬರೂ ಮೇಲಿನ ದಾರಿಯಲ್ಲಿದ್ದಾಗ, ಕೆಳಗೆ ಜನ ಜಾಸ್ತಿ ಇದ್ದಾರೆ ಅಂತ ಹೊಸಬರಿಗೂ ಪಾಸ್ ತೆಗೆಸಿ ಲಿಫ್ಟ್‌ನಲ್ಲಿ ಮೇಲೆ ಕರೆದೊಯ್ದ. ಮಧ್ಯಾಹ್ನ ಮೆತ್ತಗಾಗಿದ್ದ ಹಿಮ ಸಂಜೆಗೆ ಗಟ್ಟಿಯಾಗಿ ಫರಸಿ ಕಲ್ಲಿನ ಹಾಗೆ ಆಗಿತ್ತು. ಅವರ ಬೂಟುಗಳೂ ಸಡಿಲ ಇದ್ದವು, ಏಜೆಂಟ್ ಮೊದಲೇ ಬುಕ್ ಮಾಡಿದ್ದ ಬಾಡಿಗೆ ಸೆಟ್‌ನಲ್ಲಿ ಅವರವರ ಅಳತೆಯೇ ಬಂದಿರಲಿಲ್ಲ. ಮಣಿಕಟ್ಟಿಗೆ ಗಾರ್ಡ್ ಇರಲಿಲ್ಲ. ಕಾಕಾನ ಮಗ ಹಿಂದಕ್ಕೆ ಬಿದ್ದ, ಅಂಗೈ ಊರಿದ. ಅವನ ಹೆಂಡತಿ ಮೇಲೆ ಹೋಗಿ ಅವನನ್ನು ಕೂರಿಸಲು ನೋಡಿದರೂ ಆ ಇಳಿಜಾರಿನಲ್ಲಿ ಅವಳಿಗೇ ನಿಲ್ಲಲು ಬರುತ್ತಿರಲಿಲ್ಲ.

ಅಲ್ಮಾಟಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು. ಅಲ್ಲಿನ ಡಾಕ್ಟರ್ ಫೋನಿನಲ್ಲಿ ಅನುವಾದ ಮಾಡಿ ತೋರಿಸುತ್ತಾ ತುಂಬಾ ಸಮಾಧಾನದಿಂದ ನೋಡಿದರು. ಬಿಲ್ ಮಾತ್ರ ನಾವೇ ಎಲ್ಲರ ಕಾರ್ಡ್ ಸೇರಿಸಿ ಕಟ್ಟಬೇಕಾಯಿತು. ಇನ್ಶೂರೆನ್ಸ್‌ನವರು ಒಂದೇ ಸಾಲಿನಲ್ಲಿ ಮುಗಿಸಿದರು, ಈ ಪಾಲಿಸಿಯಲ್ಲಿ ಸ್ನೋಬೋರ್ಡಿಂಗ್ ಸೇರಿಲ್ಲ. ಸಾಮಾನ್ಯ ಟ್ರಾವೆಲ್ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಯನ್ನು ಹೆಚ್ಚಾಗಿ ಹೊರಗಿಟ್ಟಿರುತ್ತಾರೆ, ಜಾಸ್ತಿ ಕಟ್ಟಿ ಆಡ್-ಆನ್ ತೆಗೆದುಕೊಂಡರೆ ಮಾತ್ರ ಬರುತ್ತದೆ. ನಮ್ಮ ಪಾಲಿಸಿ ಪಿಡಿಎಫ್ ಏಜೆಂಟ್ ಕಳಿಸಿದ್ದು ವಿಮಾನದ ಹಿಂದಿನ ರಾತ್ರಿ. ಆಸ್ಪತ್ರೆಯಿಂದ ಫೋನ್ ಮಾಡಿದಾಗ ಅವನು ಹೇಳಿದ್ದು, "ಬಿದ್ದಿದ್ದು ನೀವರೀ, ಅದಕ್ಕ ನಾವೇನ್ ಮಾಡೂಣ್ರಿ?"

ಊರಿಗೆ ಬಂದ ಮೇಲೆ ಇನ್ನೊಂದು. ವಿದೇಶಿ ಟೂರ್ ಪ್ಯಾಕೇಜ್ ಮಾರುವವರು ಟಿಸಿಎಸ್ (ಮಾರುವಾಗಲೇ ಗಿರಾಕಿಯಿಂದ ಹಿಡಿಯುವ ಆದಾಯ ತೆರಿಗೆ) ಹಿಡಿಯಲೇಬೇಕು, ಅದು ಕಾನೂನು. ಆದರೆ ಆ ದುಡ್ಡು ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಜಮಾ ಆಗಬೇಕು. ರಿಟರ್ನ್ಸ್ ಹಾಕುವಾಗ ಅದನ್ನು ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು. ನಮ್ಮಿಂದ ಹಿಡಿದದ್ದು 26ಎಎಸ್‌ನಲ್ಲಿ (ನಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆದ ತೆರಿಗೆಯ ಪಟ್ಟಿ) ಕಾಣಿಸುತ್ತಲೇ ಇಲ್ಲ. ಯಾವುದಾದರೂ ಪ್ಯಾಕೇಜ್‌ನಲ್ಲಿ ಹೋಗಿ ಬಂದಿದ್ದರೆ ಇವತ್ತೇ ನಿಮ್ಮದನ್ನೂ ತೆಗೆದು ನೋಡಿ.

ಇಂಥ ಟ್ರಿಪ್‌ಗೆ ಏಜೆಂಟ್ ಬೇಕೇ ಬೇಕು ಅಂತಿಲ್ಲ. ವಿಮಾನ, ರೂಮು ನೀವೇ ಬುಕ್ ಮಾಡಿ. ಬೋರ್ಡ್, ಬೂಟು ಅಲ್ಲೇ ಹೋಗಿ ಹಾಕಿ ನೋಡಿ ಬಾಡಿಗೆಗೆ ತೆಗೆದುಕೊಳ್ಳಿ, ಹಿಮ್ಮಡಿ ಮೇಲೆದ್ದರೆ ಆ ಬೂಟು ಬೇಡ. ಮಣಿಕಟ್ಟಿನ ಗಾರ್ಡ್ ಇಲ್ಲಿಂದಲೇ ಒಯ್ಯಿರಿ, ಹೆಲ್ಮೆಟ್ ಅಂತೂ ಬೇಕೇ ಬೇಕು. ಹೊಸಬರ ಕ್ಲಾಸ್ ಅನ್ನು ಅಲ್ಲಿನ ಸ್ಕೀ ಸ್ಕೂಲ್‌ನಲ್ಲೇ ನೇರವಾಗಿ, ಇಂಗ್ಲಿಷ್ ಬರುವ ಕೋಚ್ ಬೇಕು ಅಂತ ಕೇಳಿ ಬುಕ್ ಮಾಡಿ. ಉಳಿದ ಯಾವುದರಲ್ಲಿ ಬೇಕಾದರೂ ದುಡ್ಡು ಉಳಿಸಿ, ಕೋಚ್ ಮತ್ತು ಇನ್ಶೂರೆನ್ಸ್‌ನಲ್ಲಿ ಬೇಡ. ಏಜೆಂಟ್ ಮೂಲಕವೇ ಹೋಗುವುದಾದರೆ ಒಬ್ಬೊಬ್ಬರ ಹೆಸರಿನ ಮುಂದೆ ಯಾವ ಪಾಸ್, ಎಷ್ಟು ತಾಸು ಕ್ಲಾಸ್, ಪಾಲಿಸಿಯಲ್ಲಿ ಸ್ನೋಬೋರ್ಡಿಂಗ್ ಇದೆಯಾ ಅಂತ ಬರಹದಲ್ಲಿ ಬಂದ ಮೇಲೆಯೇ ದುಡ್ಡು ಕೊಡಿ.

ನಾವು ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇವೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ದೂರು ಬರೆಸಬಹುದು. ನಿಮಗೂ ಹೀಗೆ ಆಗಿದ್ದರೆ ಏಜೆಂಟ್ ಕಳಿಸಿದ ಬ್ರೋಷರ್, ಮೆಸೇಜ್ ಯಾವುದನ್ನೂ ಡಿಲೀಟ್ ಮಾಡಬೇಡಿ. "ಇನ್ಶೂರೆನ್ಸ್‌ದಾಗ ಬೋರ್ಡಿಂಗ್ ಐತ್ರಿ" ಅಂತ ಅವನೇ ಹೇಳಿದ ವಾಯ್ಸ್ ಮೆಸೇಜ್ ನಮ್ಮ ಗೆಳೆಯನ ಫೋನಿನಲ್ಲಿ ಉಳಿದಿತ್ತು, ವಕೀಲರು ಮೊದಲು ಕೇಳಿದ್ದೂ ಅಂಥದ್ದನ್ನೇ.